ನೆಲ ನೋಡಿ ಟೆಂಟು, ಬಿಸಿಲು ನೋಡಿ ಫೋಟೋ

ಎಲ್ಲರಿಗೂ ನಮಸ್ಕಾರ.

ಕ್ಯಾಂಪಿಂಗ್ ಅಂದಕೂಡಲೇ ಬರುವ ಪ್ರಶ್ನೆ ‘ಯಾವ ಟೆಂಟ್ ತಗೊಳ್ಳೋಣ?’ ಫೋಟೋಗ್ರಫಿ ಅಂದಕೂಡಲೇ ‘ಯಾವ ಕ್ಯಾಮೆರಾ ಛಲೋ?’ ಇವತ್ತು ಈ ಎರಡಕ್ಕೂ ಉತ್ತರ ಕೊಡುವುದಿಲ್ಲ. ಬಾಗಲಕೋಟೆ, ವಿಜಯಪುರದ ಕಡೆ ಕ್ಯಾಂಪಿನ ರಾತ್ರಿ ಹಾಳಾಗಿದೆ ಅಂದರೆ ಟೆಂಟು ನಿಂತ ಮಣ್ಣನ್ನು ಮೊದಲು ನೋಡಬೇಕು. ಫೋಟೋ ಹಾಳಾಗಿದೆ ಅಂದರೆ ಬಿಸಿಲು ಯಾವ ಕಡೆಯಿಂದ ಬಿತ್ತು ಎಂದು ನೋಡಬೇಕು. ಕೈಯಲ್ಲಿರುವುದು ಹತ್ತು ಸಾವಿರದ ಫೋನಾದರೂ ಸರಿ.

ಮೊದಲು ಮಣ್ಣು. ನಮ್ಮಲ್ಲಿ ಎರೆ, ಅಂದರೆ ಕಪ್ಪು ಮಣ್ಣು ಇದೆ; ಮಡ್ಡಿ, ಅಂದರೆ ಕಲ್ಲುಮಿಶ್ರಿತ ದಿನ್ನೆ ಇದೆ. ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಬಿರುಕಿನ ಪಕ್ಕ ಹೊಡೆದ ಗೂಟ ರಾತ್ರಿ ಗಾಳಿಗೆ ತಾನಾಗಿ ಎದ್ದು ಬರುತ್ತದೆ. ಬಿರುಕಿನೊಳಗೆ ಚೇಳು ಇರುತ್ತದೆ, ಹಾವೂ ಇರಬಹುದು. ಅದೇ ಎರೆಗೆ ಮಳೆ ಬಿತ್ತೆಂದರೆ ಮಣ್ಣು ಉಬ್ಬುತ್ತದೆ, ಅಂಟುತ್ತದೆ, ಗೂಟ ಬೆಣ್ಣೆಯಲ್ಲಿ ಇಟ್ಟಂತೆ ಸಡಿಲಾಗುತ್ತದೆ. ಗಾಡಿಯಂತೂ ಹೊಲದಿಂದ ಹೊರಗೇ ಬರುವುದಿಲ್ಲ, ಟ್ರ್ಯಾಕ್ಟರ್ ಹುಡುಕಬೇಕು. ಆದ್ದರಿಂದ ಟೆಂಟು ಹಾಕುವುದು ಮಡ್ಡಿಯ ಮೇಲೆ, ಗರಸು (ಜಲ್ಲಿಯಂಥ ಗಟ್ಟಿ ಮಣ್ಣು) ನೆಲದಲ್ಲಿ. ನೀರು ನಿಲ್ಲುವುದಿಲ್ಲ, ಕೆಸರಾಗುವುದಿಲ್ಲ. ಆದರೆ ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಗರಸಿನಲ್ಲಿ ಎರಡೇ ಏಟಿಗೆ ಬಾಗುತ್ತದೆ. ಊರಿನ ಕಮ್ಮಾರರ ಹತ್ತಿರ 8 ಮಿಲಿಮೀಟರ್ ಕಬ್ಬಿಣದ ಸರಳನ್ನು ಒಂದು ಅಡಿಗೆ ಕತ್ತರಿಸಿ, ಒಂದು ತುದಿ ಚೂಪು ಮಾಡಿಸಿ, ಇನ್ನೊಂದು ತುದಿ ಕೊಕ್ಕೆಯ ಹಾಗೆ ಬಗ್ಗಿಸಿಕೊಳ್ಳಿ. ಇಬ್ಬರ ಟೆಂಟಿಗೆ ಹತ್ತು ಗೂಟ, ಒಂದು ಸುತ್ತಿಗೆ. ಭಾರ, ನಿಜ. ಆದರೆ ಗಾಡಿಯಲ್ಲಿ ಹೋಗುವವರಿಗೆ ಅದು ಲೆಕ್ಕಕ್ಕಿಲ್ಲ.

ಗೂಟವನ್ನು ನೇರ ಹೊಡೆಯಬಾರದು. ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಹಗ್ಗ ನೆಲಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿ ಬಿಗಿಯಬೇಕು. ಬಂಡೆ ಸಿಕ್ಕು ಗೂಟ ಇಳಿಯದಿದ್ದರೆ ಖಾಲಿ ಗೊಬ್ಬರದ ಚೀಲಕ್ಕೆ ಕಲ್ಲು-ಮಣ್ಣು ತುಂಬಿ ಅದಕ್ಕೆ ಹಗ್ಗ ಕಟ್ಟಿ. ಎರೆಯಲ್ಲೇ ಉಳಿಯಲೇಬೇಕಾದರೆ ಒಂದಡಿ ಆಳ ತೋಡಿ, ಗೂಟದ ನಡುವಿಗೆ ಹಗ್ಗ ಕಟ್ಟಿ ಅಡ್ಡ ಮಲಗಿಸಿ ಮಣ್ಣು ತುಳಿಯಿರಿ. ಅದು ಕಿತ್ತು ಬರುವುದು ಕಷ್ಟ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ಟೆಂಟಿನ ಕೆಳಗೆ ಹಾಸುವ ತಾಡಪಾಲು ಟೆಂಟಿನ ತಳಕ್ಕಿಂತ ದೊಡ್ಡದಿದ್ದರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಹೊರಗೆ ಚಾಚಿದ ತಾಡಪಾಲು ಮಳೆನೀರನ್ನು ಹಿಡಿದು ನೇರ ಟೆಂಟಿನ ತಳಕ್ಕೆ ತರುತ್ತದೆ. ಸುತ್ತಲೂ ನಾಲ್ಕು ಬೆರಳು ಒಳಗೇ ಇರಲಿ, ಹೆಚ್ಚಿದ್ದರೆ ಮಡಚಿ ಒಳಗೆ ಸೇರಿಸಿ.

ಕಾಲ ಯಾವುದು? ದೀಪಾವಳಿಯಿಂದ ಶಿವರಾತ್ರಿವರೆಗೆ. ಎಳ್ಳು ಅಮವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಹಿಂಗಾರಿ ಜೋಳ ಹಸಿರಾಗಿ ನಿಂತಿರುತ್ತದೆ, ಆಕಾಶ ಶುಭ್ರ, ಚಂದ್ರನೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಹೋಗುವವರು ಅಡ್ಡಮಳೆಯ ಲೆಕ್ಕ ಇಟ್ಟುಕೊಳ್ಳಬೇಕು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಮೊದಲು ಧೂಳುಗಾಳಿ, ಹಿಂದೆಯೇ ಗುಡುಗು ಸಿಡಿಲು. ಮಡ್ಡಿಯ ನೆತ್ತಿಯಲ್ಲಿ, ಒಂಟಿ ಮರದ ಕೆಳಗೆ ಟೆಂಟು ಇರಬಾರದು. ಗುಡುಗು ಕೇಳಿದ ಕೂಡಲೇ ಟೆಂಟು ಬಿಟ್ಟು ಕಾರಿನೊಳಗೆ ಕೂತು ಗಾಜು ಏರಿಸಿ. ಟೆಂಟು ಸಿಡಿಲಿನಿಂದ ಕಾಪಾಡುವುದಿಲ್ಲ.

ಆಲಮಟ್ಟಿಯ ಹಿನ್ನೀರಿನ ದಂಡೆ ಎಲ್ಲರಿಗೂ ಆಸೆಯ ಜಾಗ. ಅಲ್ಲಿ ಎರಡು ಅಪಾಯ. ಮಳೆಗಾಲದಲ್ಲಿ, ಮೇಲೆ ಮಹಾರಾಷ್ಟ್ರದ ಕಡೆ ಮಳೆ ಜೋರಾದರೆ, ಇಲ್ಲಿ ಹನಿ ಬೀಳದಿದ್ದರೂ ರಾತ್ರಿಯೊಳಗೆ ನೀರು ಏರುತ್ತದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್; ಆ ಗೆರೆಗಿಂತ ಕೆಳಗಿನ ನೆಲವೆಲ್ಲ ನೀರಿನದೇ. ಬೇಸಿಗೆಯ ಅಪಾಯ ಬೇರೆ. ನೀರು ಹಿಂದೆ ಸರಿದ ರೇವೆಯ (ಹೂಳಿನ) ಮೇಲೆ ಒಣ ಪದರ ಇರುತ್ತದೆ, ಕೆಳಗೆ ಮೊಣಕಾಲುದ್ದ ಕೆಸರು. ಕೋಲು ಚುಚ್ಚಿ ನೋಡದೆ ಕಾಲಿಡಬೇಡಿ, ಗಾಡಿ ಇಳಿಸಲೇಬೇಡಿ. ನೀರಿನಿಂದ ಕನಿಷ್ಠ 60 ಮೀಟರ್ ದೂರ, ಸ್ವಲ್ಪ ಏರಿನಲ್ಲಿ ಮಲಗಿದರೆ ಇಬ್ಬನಿಯೂ ಕಡಿಮೆ. ನದಿಪಾತ್ರದಲ್ಲಿ, ಗೇಟಿನ ಕೆಳಭಾಗದಲ್ಲಿ ಮಲಗುವ ಮಾತೇ ಬೇಡ. ಹೊಲ ಯಾರದ್ದೋ ಅವರನ್ನು ಕೇಳಿಯೇ ಟೆಂಟು ಹಾಕಿ. ಎಲ್ಲಿ ಹಾವು ಹೆಚ್ಚು, ಯಾವ ಬಾವಿ ನೀರು ಸಿಹಿ ಎಂಬುದು ಅವರಿಗೆ ಗೊತ್ತಿರುತ್ತದೆ.

ಅಭಯಾರಣ್ಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೀಳಗಿ-ಮುಧೋಳ ಭಾಗದ ಯಡಹಳ್ಳಿ ಚಿಂಕಾರ ಧಾಮವಾಗಲಿ, ಖಾನಾಪುರ ಕಡೆಯ ಭೀಮಗಡವಾಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಗೆ ಹೋಗಲು, ಫೋಟೋ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಂಕಿ ಹಚ್ಚುವುದು, ಕಸ ಎಸೆಯುವುದು ಅಪರಾಧ. ಅನುಮತಿಯಿಲ್ಲದೆ ರಾತ್ರಿ ಉಳಿಯುವ ಪ್ರಶ್ನೆಯೇ ಇಲ್ಲ.

ಬೆಂಕಿ ಹೊರಗಡೆಯೂ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಸಂಕ್ರಾಂತಿ ಕಳೆದ ಮೇಲೆ ಹುಲ್ಲು, ಕಣಿಕೆ ಎಲ್ಲ ಒಣಗಿರುತ್ತದೆ. ಒಂದು ಕಿಡಿ ಒಬ್ಬ ರೈತನ ಇಡೀ ಬಣವೆ ತಿನ್ನುತ್ತದೆ. ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು, ಅದೂ ಟೆಂಟಿನ ಹೊರಗೆ. ಒಳಗೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲದ ಅನಿಲ, ಮಲಗಿದವರು ಏಳುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಡೆಯವರಿಗೆ ಒಲೆಯೇ ಅಷ್ಟು ಬೇಕಿಲ್ಲ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ. ವಾರ ಇಟ್ಟರೂ ಕೆಡದ ಇಂಥ ಬುತ್ತಿ ಬಿಟ್ಟು ಪೊಟ್ಟಣದ ನೂಡಲ್ಸ್ ಹೊರುವುದೇಕೋ ತಿಳಿಯದು. ನೀರು ಮಾತ್ರ ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕ.

ಹೆಜ್ಜೇನಿನ ಬಗ್ಗೆ ಹುಷಾರಾಗಿರಿ. ಬಾದಾಮಿಯ ಬಂಡೆಗಳಂಥ ಜಾಗದಲ್ಲಿ, ಎತ್ತರದ ಹಳೆಯ ಕಟ್ಟಡಗಳಲ್ಲಿ, ದೊಡ್ಡ ಮರಗಳಲ್ಲಿ ತಟ್ಟಿ ಕಟ್ಟಿರುತ್ತವೆ. ಹೊಗೆ, ಗಾಢ ಸೆಂಟು, ಡ್ರೋನಿನ ಸದ್ದು, ಯಾವುದಕ್ಕಾದರೂ ಕೆರಳಬಹುದು. ಎದ್ದವೆಂದರೆ ಕೈ ಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಕಾರಿಗೋ ಮನೆಗೋ ಓಡಿ. ಇನ್ನು ಹಾವು: ಈ ಕಲ್ಲು ನೆಲದಲ್ಲಿ ಕೊಳಕುಮಂಡಲ, ಗರಗಸ ಮಂಡಲ ಎರಡೂ ಇವೆ, ಎರಡೂ ಹೆಚ್ಚಾಗಿ ರಾತ್ರಿ ಓಡಾಡುವಂಥವು. ಟಾರ್ಚಿಲ್ಲದೆ ಹೆಜ್ಜೆ ಇಡಬೇಡಿ; ಬೆಳಿಗ್ಗೆ ಬೂಟು ಕೊಡವಿಯೇ ಹಾಕಿಕೊಳ್ಳಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಕಡಗ ತೆಗೆದು, ಆ ಕೈಯನ್ನೋ ಕಾಲನ್ನೋ ಅಲುಗಿಸದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. ಯಾವ ಆಸ್ಪತ್ರೆಯಲ್ಲಿದೆ ಎಂದು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಈಗ ಕ್ಯಾಮೆರಾಕ್ಕೆ ಬರೋಣ. ಹೊರಗೆ ಮಲಗುವುದರ ದೊಡ್ಡ ಲಾಭವೇ ಬೆಳಗಿನ ಮೊದಲ ಒಂದೂವರೆ ತಾಸು ಕೈಗೆ ಸಿಗುವುದು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಏಳರ ಆಸುಪಾಸಿಗೆ ಹುಟ್ಟುತ್ತಾನೆ. ಎಂಟೂವರೆವರೆಗೆ ಬಿಸಿಲು ಓರೆಯಾಗಿ, ಮೆತ್ತಗೆ ಬೀಳುತ್ತದೆ, ಗಾಳಿಯೂ ಕಡಿಮೆ. ಹೂವಿನ ಫೋಟೋಗೆ ಉದ್ಯಾನಕ್ಕೆ ಹೋಗುವುದಾದರೆ ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಹಿಂದಿನ ದಿನವೇ ಕೇಳಿ.

ದಿಕ್ಕಿನ ಲೆಕ್ಕಕ್ಕೆ ಗೋಳಗುಮ್ಮಟದ ಅಂಗಳಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನಾವು ಒಳಗೆ ಹೋಗುವುದು ದಕ್ಷಿಣದಿಂದ, ನೋಡುವುದು ದಕ್ಷಿಣದ ಗೋಡೆಯನ್ನು. ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ನಡುಮಧ್ಯಾಹ್ನವೂ ದಕ್ಷಿಣದಲ್ಲಿ 50 ಡಿಗ್ರಿ ಎತ್ತರದಲ್ಲಿ ಹಾದುಹೋಗುತ್ತಾನೆ. ಹಾಗಾಗಿ ಆ ಗೋಡೆಗೆ ದಿನವಿಡೀ ಬಿಸಿಲು. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಲೆಕ್ಕ ತಿರುಗುತ್ತದೆ: ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ದಕ್ಷಿಣದ ಗೋಡೆ ನೆರಳಿನಲ್ಲಿ, ಹಿಂದಿನ ಆಕಾಶ ಬೆಳ್ಳಗೆ. ಆ ದಿನಗಳ ಫೋಟೋದಲ್ಲಿ ಗುಮ್ಮಟ ಕಪ್ಪಾಗಿ ಬಂದಿದ್ದರೆ ಫೋನನ್ನು ಬೈಯಬೇಡಿ.

ಅಲ್ಲೇ ಇನ್ನೊಂದು ತೊಂದರೆ. ಹತ್ತಿರ ನಿಂತು ಫೋನನ್ನು ಮೇಲಕ್ಕೆ ವಾಲಿಸಿದರೆ ಮೂಲೆಯ ಗೋಪುರಗಳು ಒಳಕ್ಕೆ ಬಾಗಿದಂತೆ ಕಾಣುತ್ತವೆ. ಫೋನನ್ನು ನೆಟ್ಟಗೆ, ನೆಲಕ್ಕೆ ಲಂಬವಾಗಿ ಹಿಡಿದರೆ ಬಾಗುವುದಿಲ್ಲ. ಆದರೆ ಹಾಗೆ ಹಿಡಿದು ಸುಮಾರು 51 ಮೀಟರ್ ಎತ್ತರ ಪೂರ್ತಿ ಸಿಗಬೇಕಾದರೆ, ಸಾಮಾನ್ಯ ಫೋನಿನ ಮುಖ್ಯ ಲೆನ್ಸಿಗೆ ಗೋಡೆಯಿಂದ ಸುಮಾರು 80 ಮೀಟರ್ ಹಿಂದೆ ಬರಬೇಕು. ಆಗ ಚಿತ್ರದ ಕೆಳಗಿನ ಅರ್ಧವೆಲ್ಲ ಹುಲ್ಲುಹಾಸು. ಅದನ್ನು ವ್ಯರ್ಥ ಅಂದುಕೊಳ್ಳಬೇಡಿ, ಹೂವಿನ ಸಾಲನ್ನೋ ದಾರಿಯನ್ನೋ ಅಲ್ಲಿ ತನ್ನಿ. ಬೇಡವಾದರೆ ಆಮೇಲೆ ಕತ್ತರಿಸಿ.

ವಿಜಯಪುರದ್ದೇ ಇಬ್ರಾಹಿಂ ರೋಜಾದಲ್ಲಿ ಗೋರಿ ಪೂರ್ವಕ್ಕೆ, ಮಸೀದಿ ಪಶ್ಚಿಮಕ್ಕೆ, ಎದುರುಬದುರು. ಮಸೀದಿಯ ಮುಖಕ್ಕೆ ಬೆಳಿಗ್ಗೆ, ಸೂರ್ಯ ಗೋರಿಯ ಮರೆಯಿಂದ ಸ್ವಲ್ಪ ಮೇಲೆ ಬಂದ ಮೇಲೆ. ಗೋರಿಯ ಪಶ್ಚಿಮ ಮುಖಕ್ಕೆ ಸಂಜೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಾಭಿಮುಖ, ಬೆಳಿಗ್ಗೆ ಹೋಗಿ. ಬಾದಾಮಿಯ ಭೂತನಾಥ ಗುಡಿ ಅಗಸ್ತ್ಯ ತೀರ್ಥದ ಪೂರ್ವದ ದಂಡೆಯಲ್ಲಿದೆ, ಅದಕ್ಕೆ ಸಂಜೆ. ಕೆಂಪು ಕಲ್ಲು, ಹಸಿರು ಹುಲ್ಲು ಒಟ್ಟಿಗಿದ್ದಾಗ ಬಣ್ಣವನ್ನು ತಾನೇ ಸರಿಪಡಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಕಲ್ಲಿನ ಕೆಂಪನ್ನು ತಣಿಸಿಬಿಡುತ್ತದೆ; ‘ಡೇಲೈಟ್’ಗೆ, ಅಂದರೆ 5200 ಕೆಲ್ವಿನ್ ಹತ್ತಿರ ಇಟ್ಟುಬಿಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು.

ಹೂವಿನ ಫೋಟೋದಲ್ಲಿ ಮೊದಲು ಕೆಡುವುದು ಬಣ್ಣ. ಕೆಂಪು ದಾಸವಾಳ, ಚೆಂಡು ಹೂ ತೆಗೆದರೆ ಎಸಳಿನ ಗೆರೆಗಳೆಲ್ಲ ಅಳಿಸಿ ಬರಿ ಬಣ್ಣದ ಮುದ್ದೆ ಉಳಿಯುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಕೆಂಪು ಪಾಲು ತುಂಬಿ ಚೆಲ್ಲಿರುತ್ತದೆ, ಆದರೆ ಒಟ್ಟು ಬೆಳಕಿನ ಅಳತೆಯಲ್ಲಿ ಅದು ಕಾಣುವುದಿಲ್ಲ. ಎಕ್ಸ್‌ಪೋಜರನ್ನು, ಅಂದರೆ ಒಳಗೆ ಬೀಳುವ ಬೆಳಕನ್ನು, ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಬಿಳಿ ಕಣಗಿಲೆಗೆ ಉಲ್ಟಾ: ಫ್ರೇಮಿನ ತುಂಬ ಬಿಳಿಯೇ ಇದ್ದರೆ ಕ್ಯಾಮೆರಾ ಅದನ್ನು ಬೂದಿ ಮಾಡುತ್ತದೆ, ಮುಕ್ಕಾಲು ಸ್ಟಾಪ್ ಏರಿಸಬೇಕು.

ಎರಡನೆಯದು ಫೋಕಸ್. ಫುಲ್‌ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸಿನಿಂದ ಜೀವಗಾತ್ರದಲ್ಲಿ ತೆಗೆಯುವಾಗ ಎಫ್ 8ರಲ್ಲಿ (ಎಫ್ ಅಂಕಿ ಹೆಚ್ಚಾದಷ್ಟು ಲೆನ್ಸಿನ ತೂತು ಸಣ್ಣದು) ಸ್ಪಷ್ಟವಾಗುವ ಆಳ ಬರೀ 1 ಮಿಲಿಮೀಟರ್, ಎಫ್ 16ರಲ್ಲಿ 2. ಉಸಿರಾಡಿದರೆ ತಪ್ಪುತ್ತದೆ. ಫೋಕಸನ್ನು ಒಂದೆಡೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ ಸಾಲಾಗಿ ಐದಾರು ಕ್ಲಿಕ್ ಮಾಡಿ. ಗಾಳಿ ಇದ್ದರೆ ಷಟರ್ (ಬೆಳಕಿಗೆ ತೆರೆದಿರುವ ಹೊತ್ತು) 1/250 ಸೆಕೆಂಡಿಗಿಂತ ನಿಧಾನ ಬೇಡ. ಫೋನಿನ ಮ್ಯಾಕ್ರೋದಲ್ಲಿ ಹೂವಿಗೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕಾಗುತ್ತದೆ, ಫೋನಿನದೇ ನೆರಳು ಬೀಳುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡುವುದೇ ಲೇಸು. ಬಿಸಿಲು ಖಾರವಾದರೆ ಬಿಳಿ ಪಂಚೆಯ ಒಂದು ಪದರವನ್ನು ಹೂವಿಗೂ ಸೂರ್ಯನಿಗೂ ನಡುವೆ ಇಬ್ಬರು ಹಿಡಿಯಿರಿ; ಒಂದು ಸ್ಟಾಪ್‌ನಷ್ಟು ಬೆಳಕು ಹೋಗುತ್ತದೆ, ಆದರೆ ಕರಿ ನೆರಳು ಮಾಯ. ಪಾತಿಯೊಳಗೆ ಕಾಲಿಡುವುದು, ಅಡ್ಡ ಬಂದ ಟೊಂಗೆ ಮುರಿಯುವುದು ಮಾಡಬೇಡಿ. ಮಾಲಿಯ ಕೆಲಸ ಹಾಳು ಮಾಡಿ ತೆಗೆದ ಹೂವಿಗೆ ಬೆಲೆ ಇಲ್ಲ.

ಸಂಜೆ ಆಲಮಟ್ಟಿಯ ಸಂಗೀತ ಕಾರಂಜಿ. ನೀರಿನ ಹನಿ ಹನಿಯಾಗಿ ನಿಲ್ಲಬೇಕಾದರೆ ಷಟರ್ 1/500 ಸೆಕೆಂಡು, ರೇಷ್ಮೆಯಂತೆ ಹರಿಯಬೇಕಾದರೆ ಅರ್ಧ ಸೆಕೆಂಡು. ಮೊದಲನೆಯದು ಹಗಲಿಗೆ ಮಾತ್ರ. ರಾತ್ರಿ ಬಣ್ಣದ ದೀಪದಲ್ಲಿ ನಿಮ್ಮ ಹತ್ತಿರ ಇರುವುದು ನಿಧಾನ ಷಟರ್ ಒಂದೇ, ಕಟ್ಟೆಯ ಮೇಲೆ ಕೈ ಊರಿ. ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬಂದರೆ ಅದು ದೀಪದ ಮಿಣುಕು. ನಮ್ಮ ವಿದ್ಯುತ್ 50 ಹರ್ಟ್ಜ್, ಆದ್ದರಿಂದ 1/50 ಅಥವಾ 1/100ಕ್ಕೆ ತಂದರೆ ಸಾಮಾನ್ಯವಾಗಿ ಹೋಗುತ್ತದೆ. ಅಣೆಕಟ್ಟೆಯ ಮೇಲೆ ಭದ್ರತೆಯವರು ಬೇಡ ಎಂದ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ.

ನಕ್ಷತ್ರಕ್ಕೆ ಒಂದೇ ಲೆಕ್ಕ ನೆನಪಿಡಿ: 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 20 ಮಿಲಿಮೀಟರ್ ಲೆನ್ಸಾದರೆ 25 ಸೆಕೆಂಡು. ಅದಕ್ಕಿಂತ ಹೆಚ್ಚು ತೆರೆದರೆ ನಕ್ಷತ್ರ ಗೆರೆಯಾಗುತ್ತದೆ. ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಉತ್ತರವನ್ನು ಮತ್ತೆ ಒಂದೂವರೆಯಿಂದ ಭಾಗಿಸಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200, ಲೆನ್ಸು ಪೂರ್ತಿ ತೆರೆದು. ಎಳ್ಳು ಅಮವಾಸ್ಯೆಯ ದಿನ ಕತ್ತಲಾಗುತ್ತಲೇ ಪೂರ್ವ ದಿಕ್ಕಿನಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಸಿಗುತ್ತದೆ. ಆಕಾಶಗಂಗೆಯ ದಟ್ಟ ಭಾಗ ಬೇಕಾದರೆ ಬಸವ ಜಯಂತಿಗೆ ಮುಂಚಿನ ಅಮವಾಸ್ಯೆ, ರಾತ್ರಿ ಹನ್ನೆರಡರ ಮೇಲೆ, ಆಗ್ನೇಯಕ್ಕೆ ಮುಖ ಮಾಡಿ. ಊರಿನ ದೀಪ ನಿಮ್ಮ ಬೆನ್ನ ಹಿಂದೆ ಇರುವಂಥ ಜಾಗ ಹಗಲೇ ಗುರುತಿಸಿ.

ಚಳಿಗಾಲದ ರಾತ್ರಿ ತಣ್ಣಗಾದ ಕ್ಯಾಮೆರಾವನ್ನು ಉಸಿರಿನ ಆವಿ ತುಂಬಿದ ಟೆಂಟಿನೊಳಗೆ ತಂದಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಹೊರಗೇ ಚೀಲದೊಳಗಿಟ್ಟು ಜಿಪ್ ಎಳೆದು ಆಮೇಲೆ ತನ್ನಿ, ಅರ್ಧ ತಾಸು ಬಿಚ್ಚಬೇಡಿ. ಟೆಂಟಿನ ಎರಡೂ ಬದಿಯ ಕಿಂಡಿ ತೆರೆದೇ ಇರಲಿ. ಚಳಿಯೆಂದು ಮುಚ್ಚಿದರೆ ಬೆಳಗಿನ ಹೊತ್ತಿಗೆ ಒಳಗಿನ ಬಟ್ಟೆ ಒದ್ದೆ.

ಮನೆಗೆ ಬಂದ ಮೇಲೆ ಟೆಂಟಿಗೆ ಹತ್ತಿದ ಎರೆಮಣ್ಣನ್ನು ಹಸಿ ಇರುವಾಗ ಉಜ್ಜಬೇಡಿ, ನೇಯ್ಗೆಯೊಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು ಕೊಡವಿ, ಉಳಿದದ್ದನ್ನು ತಣ್ಣೀರಿನ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಂದು ದಿನ ಹರವಿ. ತೇವ ಉಳಿದಂತೆ ಮಡಚಿಟ್ಟರೆ ಒಳಗಿನ ನೀರುತಡೆಯುವ ಲೇಪ ಅಂಟಂಟಾಗಿ ಸುಲಿಯುತ್ತದೆ, ಬೂಸ್ಟು ಬರುತ್ತದೆ. ಆ ಟೆಂಟು ಮುಂದಿನ ಮಳೆಗೆ ಸೋರುವುದು ಖಂಡಿತ.

ನನ್ನ ಮಾತು ಇಷ್ಟು. ಈಗ ನಿಮ್ಮ ಪ್ರಶ್ನೆ ಕೇಳಿ. ಫೋನ್ ತಂದವರು ಮುಂದಿನ ಸಾಲಿಗೆ ಬಂದರೆ ಎಕ್ಸ್‌ಪೋಜರ್ ಇಳಿಸುವುದು, ಫೋಕಸ್ ನಿಲ್ಲಿಸುವುದು ಎಲ್ಲಿದೆ ಎಂದು ತೋರಿಸುತ್ತೇನೆ.