ಎ4 ಹಾಳೆ ಅಂದ್ರೆ 794 ಪಿಕ್ಸೆಲ್! ವೆಬ್ ಪೇಜ್ ಪ್ರಿಂಟ್ ಯಾಕೆ ಕೆಡುತ್ತೆ?

[ಸ್ಕ್ರೀನ್: ಲ್ಯಾಪ್‌ಟಾಪ್‌ನಲ್ಲಿ ಒಂದು ಬಿಲ್ ಪೇಜ್. ಪಕ್ಕದಲ್ಲೇ ಅದರ ಪ್ರಿಂಟ್]

ನಮಸ್ಕಾರ. ವೀಕ್ಷಕರೊಬ್ಬರು ಕಳಿಸಿದ ಪ್ರಶ್ನೆ ಇದು: "ಅಂಗಡಿಗೆ ಬಿಲ್ಲಿಂಗ್ ಪೇಜ್ ಮಾಡಿದೀನಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಕಾಲಂ, ಅಚ್ಚುಕಟ್ಟಾಗಿದೆ. ಪ್ರಿಂಟ್ ಕೊಟ್ರೆ ಎಲ್ಲ ಒಂದರ ಕೆಳಗೊಂದು ಬರುತ್ತೆ, ತಲೆ ಮೇಲೆ ಮೂರು ಗೆರೆಯ ಮೆನು ಬೇರೆ. ಪ್ರಿಂಟರ್ ಸೆಟ್ಟಿಂಗ್ ತಪ್ಪಾ?"

ಪ್ರಿಂಟರ್‌ದು ಏನೂ ತಪ್ಪಿಲ್ಲ. ನಿಮ್ಮ ಪೇಜ್ ಆ ಹಾಳೆಯನ್ನ ಟ್ಯಾಬ್ಲೆಟ್ ಅಂದ್ಕೊಂಡಿದೆ!

ಬೇಸಿಕ್ಸ್ ಬೇಗ ಮುಗಿಸೋಣ. ಕಾಗದಕ್ಕೇ ಬೇರೆ ಸ್ಟೈಲ್ ಬರೆಯೋ ಸೌಲಭ್ಯ 1998ರ ಸಿಎಸ್‌ಎಸ್ 2 ಕಾಲದಿಂದಲೇ ಇದೆ (ಸಿಎಸ್‌ಎಸ್ ಅಂದ್ರೆ ವೆಬ್ ಪೇಜ್ ಹೇಗೆ ಕಾಣಬೇಕು ಅಂತ ಹೇಳೋ ಭಾಷೆ). 'ಅಟ್ (@) ಮೀಡಿಯಾ ಪ್ರಿಂಟ್' ಒಳಗೆ ಬರೆದದ್ದು ಪ್ರಿಂಟ್‌ಗೆ ಮಾತ್ರ. ಮೆನು, ಬಟನ್, ಜಾಹೀರಾತು ಎಲ್ಲಕ್ಕೂ ಅಲ್ಲಿ 'ಡಿಸ್‌ಪ್ಲೇ: ನನ್' (none), ಅಂದ್ರೆ ತೋರಿಸಬೇಡ ಅಂತ ಕೊಡಿ. ಹಾಳೆಯ ಅಳತೆ, ಮಾರ್ಜಿನ್ 'ಅಟ್ ಪೇಜ್' ಒಳಗೆ. ಅಷ್ಟೇ.

[ಸ್ಕ್ರೀನ್: ಎ4 ಹಾಳೆ, ಮೇಲೆ ಸ್ಕೇಲ್]

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಎ4 ಅಗಲ 210 ಮಿ.ಮೀ., ಅಂದ್ರೆ ಸುಮಾರು 8.27 ಇಂಚು. ಸಿಎಸ್‌ಎಸ್ ಲೆಕ್ಕದಲ್ಲಿ ಒಂದು ಇಂಚಿಗೆ 96 ಪಿಕ್ಸೆಲ್. ಗುಣಿಸಿ ನೋಡಿ: 794! ಎರಡೂ ಕಡೆ ಒಂದೊಂದು ಸೆಂ.ಮೀ. ಮಾರ್ಜಿನ್ ಕಳೆದ್ರೆ ಉಳಿಯೋದು 718ರ ಆಸುಪಾಸು. ನಿಮ್ಮ ಪ್ರಿಂಟರ್ 600 ಡಿಪಿಐ (ಒಂದು ಇಂಚಿಗೆ ಹಾಕೋ ಚುಕ್ಕಿಗಳ ಲೆಕ್ಕ) ಇರಲಿ, 1200 ಇರಲಿ, ಈ ಲೆಕ್ಕ ಬದಲಾಗಲ್ಲ. ಡಿಪಿಐ ಜಾಸ್ತಿಯಾದ್ರೆ ಅಕ್ಷರ ನುಣುಪಾಗುತ್ತೆ, ಹಾಳೆ ಅಗಲ ಆಗಲ್ಲ.

ರೆಸ್ಪಾನ್ಸಿವ್ ಪೇಜ್ ಕೆಲಸ ಮಾಡೋದೇ ಎಲೆಯ ಅಗಲ ನೋಡಿ ಬಡಿಸಿದ ಹಾಗೆ. ಊಟಕ್ಕೆ ಕೂತೋರು ಯಾರು ಅಂತ ಅದು ನೋಡಲ್ಲ, ಎಲೆ ಎಷ್ಟಗಲ ಅಂತ ನೋಡುತ್ತೆ. "992ಕ್ಕಿಂತ ಕಡಿಮೆಯಿದ್ರೆ ಒಂದೇ ಕಾಲಂ" ಅಂತ ನೀವೇ ಬರೆದಿದೀರಿ. ಎದುರಿಗೆ 794ರ ಎಲೆ ಹಾಸಿದೆ. ಅದು ನಿಮ್ಮ ಮಾತನ್ನೇ ಪಾಲಿಸಿದೆ.

ಇದು ದೊಡ್ಡೋರನ್ನೂ ಕಾಡಿದ ಸಮಸ್ಯೆ. ಬೂಟ್‌ಸ್ಟ್ರಾಪ್ 4, ಅಂದ್ರೆ ತುಂಬಾ ಜನ ಬಳಸೋ ರೆಡಿಮೇಡ್ ಸಿಎಸ್‌ಎಸ್ ಕಿಟ್, ಅದರ ಪ್ರಿಂಟ್ ಸ್ಟೈಲ್ ತೆಗೆದು ನೋಡಿ: ಹಾಳೆಯ ಅಳತೆ ಎ3, 'ಬಾಡಿ' (body), ಅಂದ್ರೆ ಇಡೀ ಪೇಜಿನ ಕನಿಷ್ಠ ಅಗಲ 992 ಪಿಕ್ಸೆಲ್! ಡೆಸ್ಕ್‌ಟಾಪ್ ಲೇಔಟ್ ಉಳಿಸೋಕೆ ಹಾಳೆಯನ್ನೇ ದೊಡ್ಡದು ಮಾಡಿಬಿಟ್ಟರು. ನನಗೆ ಈ ದಾರಿ ಒಪ್ಪಿಗೆ ಇಲ್ಲ. ನಮ್ಮ ಜನರ ಕೈಯಲ್ಲಿರೋದು ಎ4. ಅದಕ್ಕಿಂತ ಸುಲಭದ ಪರಿಹಾರ ಒಂದೇ ಪದದಲ್ಲಿದೆ: ಮೊಬೈಲ್ ನಿಯಮ ಶುರುವಾಗೋ ಕಡೆ 'ಅಟ್ ಮೀಡಿಯಾ ಸ್ಕ್ರೀನ್ ಅಂಡ್' ಅಂತ ಬರೀರಿ. ಆ 'ಸ್ಕ್ರೀನ್' ಇದ್ರೆ ಮೊಬೈಲ್ ನಿಯಮ ಕಾಗದದ ಹತ್ರ ಸುಳಿಯಲ್ಲ.

[ಸ್ಕ್ರೀನ್: ಎರಡು ಹಾಳೆಗೆ ಹರಿದ ಟೇಬಲ್ ಸಾಲು, ಜೂಮ್]

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ. "ಸೋನಾಮಸೂರಿ ಅಕ್ಕಿ" ಅನ್ನೋದು ಮೊದಲ ಹಾಳೆಯ ಕೊನೇ ಸಾಲು. "25 ಕೆ.ಜಿ. ಚೀಲ" ಎರಡನೇ ಹಾಳೆಯ ತಲೆಗೆ ಹೋಗಿದೆ, ಪಕ್ಕದ ರೇಟಿನ ಖಾನೆ ಅಲ್ಲಿ ಖಾಲಿ. ಒಂದೇ ಐಟಂ ಎರಡು ಐಟಂ ಥರ ಕಾಣುತ್ತೆ. ಟೇಬಲ್ ಸಾಲಿಗೆ 'ಬ್ರೇಕ್-ಇನ್‌ಸೈಡ್: ಅವಾಯ್ಡ್' ಕೊಡಿ, ಸಾಲು ಹರಿಯದೆ ಇಡಿಯಾಗಿ ಮುಂದಿನ ಹಾಳೆಗೆ ಹೋಗುತ್ತೆ. ಕಾಲಂ ಹೆಸರುಗಳನ್ನ ಟೇಬಲ್‌ನ ತಲೆಬರಹದ ಟ್ಯಾಗ್ 'ಟಿ-ಹೆಡ್' (thead) ಒಳಗೆ ಇಟ್ಟರೆ ಪ್ರತಿ ಹಾಳೆಯ ಮೇಲೂ ತಾನಾಗೇ ಬರುತ್ತೆ. ಹೊಸ ಹಾಳೆಯಿಂದಲೇ ಶುರುವಾಗಬೇಕಾದ ಭಾಗಕ್ಕೆ 'ಬ್ರೇಕ್-ಬಿಫೋರ್: ಪೇಜ್'.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಅಡ್ಮಿಷನ್‌ಗೆ, ಸಾಲಕ್ಕೆ, ಅರ್ಜಿಗೆ ಇವತ್ತೂ ಹಾರ್ಡ್ ಕಾಪಿ ಕೇಳ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಹಾಳೆಗೂ ದುಡ್ಡು ಕೊಡೋದು ಬಳಸೋ ಜನ, ಕೋಡ್ ಬರೆದ ನಾವಲ್ಲ. ಬರೀ ಫುಟರ್ ಇರೋ ಮೂರನೇ ಹಾಳೆ ಬಂದ್ರೆ ಅದರ ಖರ್ಚೂ ಅವರದೇ.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೆ. ಇಂಕ್ ಉಳಿಸೋಕೆ ಬ್ರೌಸರ್ ಹಿನ್ನೆಲೆ ಬಣ್ಣ ಬಿಡುತ್ತೆ. ಚಾರ್ಟ್‌ಗೆ ಬಣ್ಣ ಬೇಕೇಬೇಕು ಅಂದ್ರೆ 'ಪ್ರಿಂಟ್-ಕಲರ್-ಅಡ್ಜಸ್ಟ್: ಎಕ್ಸಾಕ್ಟ್'. ಒಂದೇ ಹಾಳೆ ಬಂದು ಮಿಕ್ಕಿದ್ದು ಮಾಯವಾದ್ರೆ, ಎಲ್ಲೋ ಎತ್ತರ 100 ವಿಎಚ್ (ಒಂದು ಸ್ಕ್ರೀನ್‌ನಷ್ಟು) ಮತ್ತು 'ಓವರ್‌ಫ್ಲೋ: ಹಿಡನ್' (ಹೆಚ್ಚಾದದ್ದು ಕಾಣದ ಹಾಗೆ) ಕೊಟ್ಟಿರ್ತೀರಿ, ಪ್ರಿಂಟ್‌ನಲ್ಲಿ ಎರಡನ್ನೂ ತೆಗೀರಿ. ಹಾಳೆಯ ಅಂಚಿನಲ್ಲಿ ನಮಗೆ ಬೇಕಾದ ಹಾಗೆ ಪುಟಸಂಖ್ಯೆ ಹಾಕೋದು ಕ್ರೋಮ್‌ನಲ್ಲಿ 2024ರ 131ನೇ ಆವೃತ್ತಿಯಿಂದ ಸಿಎಸ್‌ಎಸ್‌ನಲ್ಲೇ ಆಗುತ್ತೆ. ಕನ್ನಡ ಪೇಜ್ ಮಾಡೋರು, ಹಾಳೆ ಉಳಿಸೋಕೆ ಅಂತ ಲೈನ್-ಹೈಟ್, ಅಂದ್ರೆ ಸಾಲಿನ ಎತ್ತರ, ತೀರಾ ಇಳಿಸಬೇಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತೆ.

ಟೆಸ್ಟ್ ಮಾಡೋಕೆ ಕಾಗದ ಬೇಡ. ಕ್ರೋಮ್‌ನ ಒಳಗೇ ಇರೋ ಡೆವಲಪರ್ ಸಾಧನ ಡೆವ್‌ಟೂಲ್ಸ್‌ನಲ್ಲಿ ರೆಂಡರಿಂಗ್ ಟ್ಯಾಬ್ ತೆಗೆದು ಮೀಡಿಯಾ ಟೈಪ್ 'ಪ್ರಿಂಟ್' ಮಾಡಿ. ಹಾಳೆ ಎಲ್ಲಿ ಮುಗಿಯುತ್ತೆ ಅಂತ ನೋಡೋಕೆ ಪ್ರಿಂಟ್ ಪ್ರಿವ್ಯೂ ತೆಗೀರಿ. ಬಿಲ್ ಪೇಜ್‌ನ ಪೂರ್ತಿ ಕೋಡ್ ಡಿಸ್ಕ್ರಿಪ್ಷನ್‌ನಲ್ಲಿದೆ.