ಮನೆಯಿಂದ ಶಾಲೆಗೆ ಎಷ್ಟು ದೂರ?

ಕೇಳುಗರೆಲ್ಲರಿಗೂ ನಮಸ್ಕಾರ.

ಗಣತಿ ಕೆಲಸಕ್ಕೆ ಮನೆಮನೆ ತಿರುಗಿದ ನನ್ನಂಥ ಮೇಷ್ಟ್ರುಗಳಿಗೆ ಒಂದು ಅನುಭವ ಇದ್ದೇ ಇರುತ್ತದೆ. ಫಾರಂನಲ್ಲಿ ವಯಸ್ಸಿನ ಕಾಲಂ ಬಂದ ಕೂಡಲೇ ಮನೆಯವರು ಮುಖಮುಖ ನೋಡಿಕೊಳ್ಳುತ್ತಾರೆ. "ಬರ್ಕೊಳ್ಳಿ ಮೇಷ್ಟ್ರೇ, ನಲವತ್ತೋ ನಲವತ್ತೆರಡೋ ಇರ್ಬೇಕು" ಎನ್ನುತ್ತಾರೆ. ಹುಟ್ಟಿದ ಊರು ಯಾವುದು ಎಂದರೆ, ಹೆರಿಗೆಯಾದದ್ದು ಅಜ್ಜಿ ಮನೆಯಲ್ಲೋ ಇಲ್ಲಿಯೋ ಎಂದು ಒಳಗಡೆ ಕೂಗಿ ಕೇಳುತ್ತಾರೆ. ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತೇವೆ. ಆ ಎರಡು ಕಾಲಂಗಳಲ್ಲಿ ಎಷ್ಟು ದೊಡ್ಡ ಕಥೆ ಅಡಗಿರಬಹುದು ಎನ್ನುವುದು ನನಗೆ ತಿಳಿದದ್ದು ಇಂಡೊನೇಷ್ಯಾದ ಶಾಲೆಗಳ ಬಗ್ಗೆ ಓದಿದಾಗ.

1973ರ ಹೊತ್ತಿಗೆ ಕಚ್ಚಾ ತೈಲದ ಬೆಲೆ ಏರಿ, ತೈಲ ಮಾರುವ ಇಂಡೊನೇಷ್ಯಾದ ಬೊಕ್ಕಸ ತುಂಬತೊಡಗಿತು. ಸಾವಿರಾರು ದ್ವೀಪಗಳ ದೇಶ ಅದು. ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರ ಆ ಹಣದಲ್ಲಿ ಒಂದು ಪಾಲನ್ನು ಪ್ರಾಥಮಿಕ ಶಾಲೆ ಕಟ್ಟಲು ತೆಗೆದಿಟ್ಟಿತು. ಅಧ್ಯಕ್ಷರ ಆದೇಶದಿಂದ ನಡೆದ ಯೋಜನೆಯಾದ್ದರಿಂದ ಅದಕ್ಕೆ 'ಇನ್‌ಪ್ರೆಸ್' ಎಂದು ಹೆಸರು. ಐದಾರು ವರ್ಷಗಳಲ್ಲಿ 61 ಸಾವಿರಕ್ಕೂ ಹೆಚ್ಚು ಶಾಲೆಗಳು ಎದ್ದವು. ಒಂದೊಂದು ಶಾಲೆಗೆ ಮೂವರು ಮೇಷ್ಟ್ರು, 120 ಮಕ್ಕಳು ಎಂಬ ಲೆಕ್ಕ. ಶಾಲೆಯ ಮುಖ ನೋಡದ ಮಕ್ಕಳು ಎಲ್ಲಿ ಹೆಚ್ಚೋ ಆ ಜಿಲ್ಲೆಗೆ ಹೆಚ್ಚು ಶಾಲೆ. 7ರಿಂದ 12 ವರ್ಷದ ಮಕ್ಕಳಲ್ಲಿ 1973ರಲ್ಲಿ ನೂರಕ್ಕೆ 69 ಮಂದಿ ಶಾಲೆಗೆ ಹೋಗುತ್ತಿದ್ದರೆ, 1978ಕ್ಕೆ ಅದು 83 ಆಯಿತು. ಆ ದೇಶದ ಎಷ್ಟೋ ಕಡೆ ಇಂದಿಗೂ ಊರಿನ ಶಾಲೆಯ ಹೆಸರಲ್ಲಿ 'ಇನ್‌ಪ್ರೆಸ್' ಎಂಬ ಪದ ಉಳಿದುಕೊಂಡಿದೆ.

ಆದರೆ ಶಾಲೆ ಬಂದದ್ದರಿಂದಲೇ ಆ ಮಕ್ಕಳ ಬದುಕು ಬದಲಾಯಿತು ಎಂದು ಹೇಳುವುದು ಹೇಗೆ? ತೈಲದ ಹಣ ಬಂದ ಕಾಲ. ಜನರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದಾಗ, ಶಾಲೆ ಕಟ್ಟದಿದ್ದರೂ ಮಕ್ಕಳು ಓದಿಕೊಳ್ಳುತ್ತಿದ್ದರೋ ಏನೋ.

ಫ್ರಾನ್ಸ್ ಮೂಲದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಈ ಗಂಟನ್ನು ಬಿಡಿಸಿದ್ದು ಆ ಎರಡು ಕಾಲಂಗಳಿಂದ. ಇಂಡೊನೇಷ್ಯಾದಲ್ಲಿ 1995ರಲ್ಲಿ ನಡೆದ ಮನೆಮನೆ ಸಮೀಕ್ಷೆಯ ಹಾಳೆಗಳಲ್ಲಿ ಹುಟ್ಟಿದ ಜಿಲ್ಲೆ, ಹುಟ್ಟಿದ ವರ್ಷ ಎರಡೂ ಇದ್ದವು. ಒಂದೇ ಮನೆಯ ಅಣ್ಣ ತಮ್ಮಂದಿರನ್ನು ನೆನೆಸಿಕೊಳ್ಳಿ. 1974ರಲ್ಲಿ ಅಣ್ಣನಿಗೆ 14, ತಮ್ಮನಿಗೆ 4. ಊರಿಗೆ ಹೊಸ ಶಾಲೆ ಬಂದಾಗ ಅಣ್ಣನ ಪ್ರಾಥಮಿಕ ಶಾಲೆಯ ವಯಸ್ಸು ಕಳೆದಿತ್ತು. ತಮ್ಮನಿಗೆ ಬಾಗಿಲು ತೆರೆದಿತ್ತು. ಇಬ್ಬರ ಓದಿನ ನಡುವಿನ ಅಂತರ ಹೆಚ್ಚು ಶಾಲೆ ಬಂದ ಜಿಲ್ಲೆಗಳಲ್ಲಿ ಎಷ್ಟು, ಕಡಿಮೆ ಬಂದ ಜಿಲ್ಲೆಗಳಲ್ಲಿ ಎಷ್ಟು? ಆ ವ್ಯತ್ಯಾಸವೇ ಶಾಲೆಯ ಕೊಡುಗೆ. ಇನ್ನೂ ಹಿರಿಯರಾದ, ಎರಡೂ ಕಡೆ ಶಾಲೆಯ ಲಾಭ ಸಿಗದ ತಲೆಮಾರುಗಳನ್ನು ಹೀಗೆಯೇ ಹೋಲಿಸಿ ನೋಡಿದರು. ಅಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಗಟ್ಟಿಯಾಯಿತು.

2001ರಲ್ಲಿ ಪ್ರಕಟವಾದ ಆ ಬರಹದ ಪ್ರಕಾರ, ಸಾವಿರ ಮಕ್ಕಳಿಗೆ ಒಂದು ಹೊಸ ಶಾಲೆ ಬಂದರೆ ಓದಿನ ವರ್ಷಗಳು ಸರಾಸರಿ 0.12ರಿಂದ 0.19ರಷ್ಟು ಏರುತ್ತವೆ. ಹತ್ತು ಮಕ್ಕಳಲ್ಲಿ ಒಬ್ಬನೋ ಇಬ್ಬರೋ ಇನ್ನೊಂದು ವರ್ಷ ಹೆಚ್ಚು ಓದಿದಂತೆ. ಮುಂದೆ ಅವರ ಸಂಬಳ ನೂರಕ್ಕೆ 1.5ರಿಂದ 2.7ರಷ್ಟು ಹೆಚ್ಚಾಗುತ್ತದೆ. ಸಣ್ಣ ಅಂಕಿಯೇ ಸರಿ. ದೇಶದ ತುಂಬ, ಒಂದು ಇಡೀ ತಲೆಮಾರಿನ ದುಡಿಮೆಗೆ ಹರಡಿ ನೋಡಿದರೆ ಅದರ ತೂಕ ಗೊತ್ತಾಗುತ್ತದೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಮೈಕೆಲ್ ಕ್ರೆಮರ್ ಅವರೊಂದಿಗೆ ನೊಬೆಲ್ ಪಡೆದ ಡುಫ್ಲೊ ಇವರೇ.

ಹೆಣ್ಣುಮಕ್ಕಳ ಕಥೆ ಬೇರೆ. ಅದೇ ಶಾಲೆಗಳನ್ನು ಇಟ್ಟುಕೊಂಡು ನಡೆಸಿದ, 2020ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವಿದೆ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹಣ ಕೊಡುವ ಪದ್ಧತಿ ಇಂಡೊನೇಷ್ಯಾದ ಕೆಲವು ಸಮುದಾಯಗಳಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಹಿಂದೆ 'ತೆರ' ಎನ್ನುತ್ತಿದ್ದೆವಲ್ಲ, ಅದೇ. ಹೊಸ ಶಾಲೆಗಳಿಂದ ಹುಡುಗಿಯರ ಓದು ಹೆಚ್ಚಿದ್ದು ತೆರದ ಪದ್ಧತಿ ಇದ್ದ ಸಮುದಾಯಗಳಲ್ಲಿ. ಇಲ್ಲದ ಕಡೆ ಆ ಏರಿಕೆ ಕಾಣಲಿಲ್ಲ. ಓದಿದ ಮಗಳಿಗೆ ಹೆಚ್ಚು ತೆರ ಬರುತ್ತಿತ್ತು. ಒಂದೇ ನಕ್ಷೆಯ ಶಾಲೆ, ಒಂದೇ ಸರ್ಕಾರ. ಆದರೂ ಮಗಳನ್ನು ಕಳಿಸಬೇಕೋ ಬೇಡವೋ ಎಂಬುದು ಮನೆಯ ಪಡಸಾಲೆಯಲ್ಲೇ ತೀರ್ಮಾನವಾಗುತ್ತಿತ್ತು. ಇದನ್ನು ಓದಿದ ದಿನ ನಾನು ಬಹಳ ಹೊತ್ತು ನನ್ನ ತರಗತಿಯಿಂದ ಅರ್ಧಕ್ಕೇ ಶಾಲೆ ಬಿಟ್ಟ ಹುಡುಗಿಯರನ್ನು ನೆನೆಯುತ್ತಾ ಕುಳಿತಿದ್ದೆ.

ಶಾಲೆಯೊಳಗೆ ಹೋದ ಮಗು ಕಲಿಯಿತೇ ಎಂದು ಕೇಳಿದವರಲ್ಲಿ ಇಂಡೊನೇಷ್ಯಾದ ಸಂಶೋಧಕರೂ ಇದ್ದರು. ಜಕಾರ್ತಾದ ಸ್ಮೆರು ಸಂಶೋಧನಾ ಸಂಸ್ಥೆಯ ನಂಟಿರುವ ಲುಹುರ್ ಬಿಮಾ, ಡೇನಿಯಲ್ ಸುರ್ಯದರ್ಮ ಮುಂತಾದವರು 2000 ಮತ್ತು 2014ರಲ್ಲಿ ಮಕ್ಕಳು ಬಿಡಿಸಿದ ಸರಳ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಶಾಲೆಗೆ ಹೋಗುವವರು ಹೆಚ್ಚಿದ್ದರು, ಲೆಕ್ಕ ಬರುವವರು ಕಡಿಮೆಯಾಗಿದ್ದರು. 2014ರ ಏಳನೇ ತರಗತಿಯ ಮಗು 2000ದ ನಾಲ್ಕನೇ ತರಗತಿಯ ಮಗುವಿನ ಮಟ್ಟದಲ್ಲಿತ್ತು. ತಮ್ಮ ದೇಶದ ಬಗ್ಗೆ ಇಂಥ ಮಾತನ್ನು ಮುಚ್ಚಿಡದೆ ಬರೆದವರ ಮೇಲೆ ನನಗೆ ಗೌರವವಿದೆ.

ಮೇಷ್ಟ್ರ ಸಂಬಳ ಏರಿಸಿದರೆ ಸರಿಹೋದೀತೇ? ಇಂಡೊನೇಷ್ಯಾದ 2005ರ ಕಾನೂನಿನಂತೆ, ಅರ್ಹತಾ ಪ್ರಮಾಣಪತ್ರ ಪಡೆದ ಶಿಕ್ಷಕರಿಗೆ ಮೂಲವೇತನದಷ್ಟೇ ಭತ್ಯೆ ಸಿಗತೊಡಗಿತು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಅಲ್ಲಿನ 360 ಶಾಲೆಗಳಲ್ಲಿ ಇದರ ಫಲ ಪರೀಕ್ಷಿಸಿದರು. ಶಿಕ್ಷಕರ ಸಾಲಸೋಲದ ಚಿಂತೆ ಇಳಿಯಿತು, ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಮಾಡುವುದು ಕಡಿಮೆಯಾಯಿತು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಈ ಅಧ್ಯಯನ ಹಿಡಿದು ಸಂಬಳ ಏರಿಸಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೇಷ್ಟ್ರು ನೆಮ್ಮದಿಯಾಗಿ ಉಣ್ಣಬೇಕು. ಅದರ ಜೊತೆಗೆ, ಲೆಕ್ಕ ಬಾರದ ಮಗುವಿಗೆ ಹೇಗೆ ಹೇಳಿಕೊಡಬೇಕು ಎಂದು ಮೇಷ್ಟ್ರ ಪಕ್ಕ ನಿಂತು ತೋರಿಸುವವರೂ ಬೇಕು. ಭತ್ಯೆಯ ಜೊತೆ ಅದು ಬರಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಇಂಡೊನೇಷ್ಯಾದ ಶಾಲೆಗಳಿಗೂ ಬೀಗ ಬಿತ್ತು. ಏಪ್ರಿಲ್ 13ರಿಂದ ಅಲ್ಲಿನ ಸರ್ಕಾರಿ ಟೆಲಿವಿಷನ್ ಪಾಠ ಶುರುಮಾಡಿತು. ಬಾನುಲಿಯಲ್ಲೂ ಪಾಠಗಳು ಬಂದವು. ಸ್ವಾತಂತ್ರ್ಯ ಘೋಷಣೆಯಾಗಿ ತಿಂಗಳು ತುಂಬುವ ಮೊದಲೇ, 1945ರ ಸೆಪ್ಟೆಂಬರ್ 11ರಂದು ಹುಟ್ಟಿದ ಬಾನುಲಿ ಅದು. ಆದರೂ ಮೊಬೈಲಿಗೆ ಸಿಗ್ನಲ್ ಸಿಗದ, ಡೇಟಾ ಹಾಕಿಸಲು ಕಾಸಿಲ್ಲದ ಮನೆಗಳು ಉಳಿದೇ ಉಳಿದವು.

ಅಂಥ ಕಡೆ ಶಿಕ್ಷಕರೇ ಹೊರಟರು. ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಕೆಲವರು ಬೈಕಿನಲ್ಲಿ, ಕೆಲವರು ಗುಡ್ಡ ಹತ್ತಿ ನಡೆದುಕೊಂಡು. ಯಾರದೋ ಮನೆಯ ಜಗಲಿಯಲ್ಲಿ ನಾಲ್ಕೈದು ಮಕ್ಕಳನ್ನು ದೂರದೂರ ಕೂರಿಸಿ ಪಾಠ ಹೇಳಿ, ಮುಂದಿನ ಮನೆಗೆ. ಅಲ್ಲಿನ ಜನ ಇವರನ್ನು ಕರೆದದ್ದು 'ಗುರು ಕುಂಜುಂಗ್' ಎಂದು. ಕುಂಜುಂಗ್ ಎಂದರೆ ಭೇಟಿ ಕೊಡುವುದು. ಗುರು ಎಂಬ ಮಾತನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ, ಅವರ ಭಾಷೆಯಲ್ಲೂ ಮೇಷ್ಟ್ರಿಗೆ ಅದೇ ಹೆಸರು.

ನಮಸ್ಕಾರ.