ಹಾಡುಗಾರರಿಗೆ ಜಾಗ ಸಿಕ್ಕ ಎರಡು ವರ್ಷ

ಕೇಳುಗರಿಗೆಲ್ಲ ನಮಸ್ಕಾರ.

ರೆಗೆ ಸಂಗೀತ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಬಾಬ್ ಮಾರ್ಲಿ ಒಬ್ಬರೇ. ಅವರ ಹಾಡು ಕೇಳದವರು ಕೂಡ ಟೀ ಶರ್ಟಿನ ಮೇಲೆ ಅವರ ಮುಖ ನೋಡಿರುತ್ತಾರೆ. ಮಾರ್ಲಿ ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಕವೆಲ್ಲ ಅವರ ಹೆಸರು ಹೇಳುವುದಕ್ಕೆ ಮುಂಚೆಯೇ, 1966ರಿಂದ 1968ರ ಹೊತ್ತಿನಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ರಾಕ್‌ಸ್ಟೆಡಿ ಅನ್ನುವ ಸಂಗೀತ ಹುಟ್ಟಿ, ಮೆರೆದು, ರೆಗೆಯ ರೂಪಕ್ಕೆ ತಿರುಗಿಯೂ ಆಗಿತ್ತು. ಹೆಚ್ಚುಕಡಿಮೆ ಎರಡೇ ವರ್ಷ. ಜಮೈಕಾದಲ್ಲಿ ಅಷ್ಟು ಒಳ್ಳೆಯ ಕಂಠಗಳು ಒಟ್ಟಿಗೆ ಕೇಳಿಸಿದ್ದು ಆಗಲೇ ಅಂತ ನನಗೆ ಅನಿಸುತ್ತದೆ.

ಅದಕ್ಕೂ ಮುಂಚೆ ಅಲ್ಲಿ ಇದ್ದದ್ದು ಸ್ಕಾ. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಯಿತು. ಆ ಹುರುಪಿನ ಕಾಲದ ಸಂಗೀತ ಅದು. ಭಾರಿ ವೇಗ. ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್ ಎಲ್ಲ ಸೇರಿ ಮುಂದೆ ನಿಂತು ಅಬ್ಬರಿಸುತ್ತಿದ್ದವು. ಕುಣಿಯುವವರಿಗೆ ಹಬ್ಬ. ಹಾಡುವವರ ಪಾಡು ಮಾತ್ರ ಕಷ್ಟ. ಒಂದು ಸ್ವರ ಎಳೆದು ನಿಲ್ಲಿಸೋಣ ಅಂದರೆ ತಾಳ ಆಗಲೇ ಮುಂದೆ ಹೋಗಿರುತ್ತಿತ್ತು.

ಆಮೇಲೆ ವೇಗ ಇಳಿಯಿತು. 1966ರ ಬೇಸಿಗೆಯ ಸೆಕೆಯಲ್ಲಿ ಅಷ್ಟು ಜೋರಾಗಿ ಕುಣಿಯಲು ಜನರಿಂದ ಆಗಲಿಲ್ಲ, ಅದಕ್ಕೇ ಸಂಗೀತ ನಿಧಾನವಾಯಿತು ಅಂತ ಒಂದು ಕತೆ ಇದೆ. ಕತೆ ಚೆನ್ನಾಗಿದೆ, ಅಲ್ವಾ? ಆದರೆ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಜಮೈಕಾದಲ್ಲಿ ಅದೇನು ಮೊದಲ ಬೇಸಿಗೆಯೇ! ನನಗೆ ಹಿಡಿಸುವುದು ಇನ್ನೊಂದು ಕತೆ. ಹೋಪ್‌ಟನ್ ಲೂಯಿಸ್ ಎಂಬ ಗಾಯಕರು 'ಟೇಕ್ ಇಟ್ ಈಸಿ' ಹಾಡನ್ನು ರೆಕಾರ್ಡ್ ಮಾಡುತ್ತಿದ್ದರು. ಸ್ಕಾದ ವೇಗಕ್ಕೆ ಸಾಲುಗಳು ಕೂಡುತ್ತಿರಲಿಲ್ಲ. ಆಗ ಗಿಟಾರ್ ನುಡಿಸುತ್ತಿದ್ದ ಲಿನ್ ಟೈಟ್, ಸ್ವಲ್ಪ ನಿಧಾನ ಮಾಡಿ ನೋಡೋಣ ಅಂದರಂತೆ. ನಿಧಾನ ಮಾಡಿದರು, ಹಾಡು ಕೂತುಕೊಂಡಿತು. ಮೊದಲ ರಾಕ್‌ಸ್ಟೆಡಿ ಯಾವುದು ಅನ್ನುವ ಜಗಳದಲ್ಲಿ ಈ ಹಾಡಿನ ಹೆಸರು ಬಂದೇ ಬರುತ್ತದೆ.

ಈ ಲಿನ್ ಟೈಟ್ ಜಮೈಕಾದವರಲ್ಲ, ಟ್ರಿನಿಡಾಡ್‌ನವರು. ಮೊದಲು ಸ್ಟೀಲ್ ಡ್ರಮ್ ನುಡಿಸುತ್ತಿದ್ದವರು. ಅವರ ಗಿಟಾರ್ ಗಮನಿಸಿ. ತಗ್ಗಿನ ಸ್ವರದ ಬಾಸ್ ಗಿಟಾರ್ ಏನು ನುಡಿಸುತ್ತದೋ ಅದನ್ನೇ ಮೇಲಿನ ಸ್ವರದಲ್ಲಿ ಟಕಟಕ ಅಂತ ಜೊತೆಜೊತೆಗೆ ಹಿಡಿದುಕೊಂಡು ಹೋಗುತ್ತಾರೆ. ರಾಕ್‌ಸ್ಟೆಡಿಯ ಗುರುತೇ ಅದು.

ತಾಳ ಹೇಗಿದೆ ಅಂತ ಈಗಲೇ ಎಣಿಸಿ ನೋಡಬಹುದು. ಒಂದು, ಎರಡು, ಮೂರು, ನಾಲ್ಕು. ನಾವು ಸಾಮಾನ್ಯವಾಗಿ ಒಂದರ ಮೇಲೆ ತಟ್ಟುತ್ತೇವೆ. ಇಲ್ಲಿ ಆ ಒಂದು ಖಾಲಿ. ಎರಡು, ನಾಲ್ಕರ ಮೇಲೆ ಗಿಟಾರ್ 'ಚಕ್' ಅನ್ನುತ್ತದೆ. ಡ್ರಮ್ಮಿನ ಪೆಟ್ಟು ಬೀಳುವುದು ಮೂರಕ್ಕೆ. ಬಾಸ್ ಎಲ್ಲ ಮಾತ್ರೆಗಳನ್ನೂ ತುಂಬುವುದಿಲ್ಲ. ಕೆಲವು ಸ್ವರ ನುಡಿಸಿ ಸುಮ್ಮನಾಗುತ್ತದೆ, ಮತ್ತೆ ಶುರು ಮಾಡುತ್ತದೆ. ಆ ಬಿಡುವಿನಲ್ಲಿ ಹಾಡುಗಾರರಿಗೆ ಜಾಗ ಸಿಕ್ಕಿತು. ಉಸಿರು ತೆಗೆದುಕೊಳ್ಳಲು, ಒಂದು ಪದವನ್ನು ಎಳೆಯಲು, ಬೇಕೆಂದೇ ಒಂದು ಚೂರು ತಡವಾಗಿ ಬರಲು.

ಆ ಜಾಗವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ಆಲ್ಟನ್ ಎಲ್ಲಿಸ್. 1938ರಲ್ಲಿ ಹುಟ್ಟಿದವರು, ಟ್ರೆಂಚ್‌ಟೌನ್ ಎಂಬ ಬಡವರ ಬಡಾವಣೆಯಲ್ಲಿ ಬೆಳೆದವರು. 'ರಾಕ್ ಸ್ಟೆಡಿ' ಅನ್ನುವ ಹೆಸರಿನ ಹಾಡನ್ನೇ ಹಾಡಿದರು. ನನಗೆ ಅದಕ್ಕಿಂತ ಇಷ್ಟ 1967ರ 'ಐಯಾಮ್ ಸ್ಟಿಲ್ ಇನ್ ಲವ್ ವಿತ್ ಯೂ'. ಬಿಟ್ಟು ಹೋದವಳನ್ನು ಇನ್ನೂ ಮರೆಯಲಾಗದವನ ಹಾಡು. ಎಲ್ಲೂ ಗೋಳಾಡುವುದಿಲ್ಲ, ಕಿರುಚುವುದಿಲ್ಲ. ಸ್ವರ ಮೇಲೆ ಹೋಗುವಾಗ ದನಿ ತುಸು ಒಡೆಯುತ್ತದೆ, ಅದನ್ನು ಅವರು ಮುಚ್ಚುವುದೂ ಇಲ್ಲ.

ಎಲ್ಲಿಸ್ ಅವರ ಒಳ್ಳೆಯ ಹಾಡುಗಳಲ್ಲಿ ಬಹಳಷ್ಟು ಬಂದದ್ದು ಕಿಂಗ್‌ಸ್ಟನ್ನಿನ ಬಾಂಡ್ ಸ್ಟ್ರೀಟಿನ ಒಂದು ಹೆಂಡದಂಗಡಿಯಿಂದ. ತಮಾಷೆ ಅಲ್ಲ. ಡ್ಯೂಕ್ ರೀಡ್ ಅಂತ ಒಬ್ಬರು, ಮಾಜಿ ಪೊಲೀಸ್. ಕೆಳಗೆ ಟ್ರೆಷರ್ ಐಲ್ ಎಂಬ ಮದ್ಯದಂಗಡಿ, ಮಹಡಿ ಮೇಲೆ ಮರದ ಹಲಗೆಯ ಸ್ಟುಡಿಯೋ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಈ ಮನುಷ್ಯನ ಕಿವಿ ಮಾತ್ರ ಬಲು ನಾಜೂಕು. ಶ್ರುತಿ ತಪ್ಪಿದ್ದು, ಒರಟಾಗಿದ್ದು ಆ ಮಹಡಿಯಿಂದ ಕೆಳಗಿಳಿಯುತ್ತಿದ್ದದ್ದು ಕಡಿಮೆ. ಊರಿನ ಇನ್ನೊಂದು ಕಡೆ, ಬ್ರೆಂಟ್‌ಫರ್ಡ್ ರೋಡಿನಲ್ಲಿ ಕಾಕ್ಸನ್ ಡಾಡ್ ಅವರ ಸ್ಟುಡಿಯೋ ಒನ್. ಕೆನ್ ಬೂತ್, ಡೆಲ್ರಾಯ್ ವಿಲ್ಸನ್, ಹೆಪ್ಟೋನ್ಸ್ ತಂಡ ಅಲ್ಲಿ ಹಾಡಿದರು. ಅಲ್ಲಿಯ ಸದ್ದು ಸ್ವಲ್ಪ ಒರಟು, ಬಾಸ್ ಜಾಸ್ತಿ. ಯಾವುದು ಮೇಲು ಅಂತ ಕೇಳಿದರೆ ನನ್ನ ಓಟು ಡ್ಯೂಕ್ ರೀಡ್‌ಗೆ.

ಯಾಕೆ ಅಂದರೆ ಫಿಲಿಸ್ ಡಿಲ್ಲನ್. ಲಿನ್‌ಸ್ಟೆಡ್ ಎಂಬ ಸಣ್ಣ ಊರಿನ ಹುಡುಗಿ. ಕಿಂಗ್‌ಸ್ಟನ್ನಿನ ಕ್ಲಬ್ಬೊಂದರಲ್ಲಿ ಹಾಡುತ್ತಿದ್ದಾಗ ಗುರುತಿಸಿ ಡ್ಯೂಕ್ ರೀಡ್ ಹತ್ತಿರ ಕರೆತಂದದ್ದು ಅದೇ ಲಿನ್ ಟೈಟ್. 'ಡೋಂಟ್ ಸ್ಟೇ ಅವೇ' ಅವರ ಮೊದಲ ಹಾಡು. ತುಂಬ ಶುದ್ಧವಾದ ದನಿ. ಪದ ಮುಗಿಸುವ ಜಾಗದಲ್ಲಿ ಒಂದು ಸಣ್ಣ ನಡುಕ, ಅಷ್ಟೇ. 1967ರ ಕೊನೆಯ ಹೊತ್ತಿಗೆ ಅವರು ನ್ಯೂಯಾರ್ಕಿಗೆ ಹೊರಟುಹೋದರು. ಅಲ್ಲಿ ಬ್ಯಾಂಕಿನಲ್ಲಿ ಕೆಲಸ. ನಡುನಡುವೆ ಕಿಂಗ್‌ಸ್ಟನ್ನಿಗೆ ಬಂದು ಹಾಡಿ ಹೋಗುತ್ತಿದ್ದರು. ಕೆಲವು ವರ್ಷಕ್ಕೆ ಅದೂ ನಿಂತಿತು. ಇಂಥ ಗಾಯಕಿಗೆ ಬ್ಯಾಂಕ್ ಕೆಲಸ ಯಾಕೆ ಬೇಕಾಯಿತು? ಆಗಿನ ರೀತಿಯೇ ಹಾಗಿತ್ತು. ಬಹುಪಾಲು ಹಾಡುಗಾರರಿಗೆ ಹಾಡಿಗೆ ಇಷ್ಟು ಅಂತ ಕೈಗೆ ಕೊಟ್ಟರೆ ಮುಗಿಯಿತು. ರೆಕಾರ್ಡ್ ಎಷ್ಟು ಮಾರಿದರೂ ಅವರಿಗೆ ದಕ್ಕುತ್ತಿದ್ದದ್ದು ಅಷ್ಟಕ್ಕಷ್ಟೇ.

ಮೂವರು ಸೇರಿ ಹಾಡುವ ತಂಡಗಳದ್ದೇ ಇನ್ನೊಂದು ಸೊಗಸು. ಅಮೆರಿಕದ ಕರ್ಟಿಸ್ ಮೇಫೀಲ್ಡ್ ಮತ್ತು ಅವರ ಇಂಪ್ರೆಷನ್ಸ್ ತಂಡ ಎಂದರೆ ಕಿಂಗ್‌ಸ್ಟನ್ನಿನ ಹುಡುಗರಿಗೆ ಪ್ರಾಣ. ಟೆಕ್ನಿಕ್ಸ್ ತಂಡದ 'ಕ್ವೀನ್ ಮೆಜೆಸ್ಟಿ' ಅವರ ಹಾಡನ್ನೇ ತಿದ್ದಿಕೊಂಡದ್ದು. ಪ್ಯಾರಗನ್ಸ್ ತಂಡದ ಜಾನ್ ಹೋಲ್ಟ್ 'ದ ಟೈಡ್ ಈಸ್ ಹೈ' ಬರೆದು ಹಾಡಿದರು. 1980ರಲ್ಲಿ ಬ್ಲಾಂಡಿ ತಂಡ ಅದನ್ನು ಮತ್ತೆ ಹಾಡಿದಾಗ ಅಮೆರಿಕ, ಬ್ರಿಟನ್ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮೂಲ ಹಾಡಿನಲ್ಲಿ ಒಂದು ಪಿಟೀಲು ಇದೆ, ಸಿಕ್ಕರೆ ಬಿಡಬೇಡಿ.

1968ರ ಹೊತ್ತಿಗೆ ತಾಳ ಮತ್ತೆ ಬದಲಾಯಿತು. ಆರ್ಗನ್ ಕುಲುಕುವಂತೆ ನುಡಿಯತೊಡಗಿತು, ಬಾಸ್ ಇನ್ನೂ ಮುಂದೆ ಬಂತು. ಆ ವರ್ಷ ಮೇಟಲ್ಸ್ ತಂಡದ ಒಂದು ಹಾಡಿನ ಹೆಸರಿನಲ್ಲೇ ರೆಗೆ ಅನ್ನುವ ಪದ ಕಾಣಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಟ್ರೋಜನ್ ಕಂಪನಿ ಶುರುವಾಗಿ, ಜಮೈಕಾದ ರೆಕಾರ್ಡುಗಳನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಲೀ ಗೋಪ್ತಾಲ್ ಭಾರತ ಮೂಲದ ಜಮೈಕಾದವರು. ಮರುವರ್ಷ ಡೆಸ್ಮಂಡ್ ಡೆಕ್ಕರ್ ಅವರ 'ಇಸ್ರೇಲೈಟ್ಸ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿನ ಕೆಲವು ರೆಕಾರ್ಡುಗಳಿಗೆ ಆಮೇಲಾಮೇಲೆ ಪಿಟೀಲುಗಳ ದಂಡನ್ನೇ ಸೇರಿಸಿದರು. ನನಗಂತೂ ಅದು ಬೇಡದ ಸಿಹಿ.

ಹಳೆಯ ಹಾಡುಗಳು ಮಾತ್ರ ಸಾಯಲಿಲ್ಲ. ಡ್ಯೂಕ್ ರೀಡ್ ಅವರ ಹಾಡುಗಳಿಂದ ಗಾಯಕರ ದನಿಯನ್ನು ಅಲ್ಲಲ್ಲಿ ತೆಗೆದು, ಆ ಜಾಗದಲ್ಲಿ ಯು ರಾಯ್ ಎಂಬವರು ಮಾತು ಪೋಣಿಸತೊಡಗಿದರು. 1970ರಲ್ಲಿ ಅವೂ ಗೆದ್ದವು. ಆಲ್ಟನ್ ಎಲ್ಲಿಸ್ ಅವರ ಆ ವಿರಹದ ಹಾಡಿನ ಬಾಸನ್ನು ಹೊಸದಾಗಿ ನುಡಿಸಿ, ಅದರ ಮೇಲೆ ಆಲ್ಥಿಯಾ ಮತ್ತು ಡೋನಾ ಎಂಬ ಇಬ್ಬರು ಹುಡುಗಿಯರು ಹಾಡಿದರು. 1978ರ ಫೆಬ್ರುವರಿಯಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಆಗ ಎಲ್ಲಿಸ್ ಕೂಡ ಬ್ರಿಟನ್ನಿನಲ್ಲೇ ವಾಸವಿದ್ದರು. 2008ರಲ್ಲಿ ತೀರಿಕೊಂಡದ್ದೂ ಲಂಡನ್ನಿನಲ್ಲೇ.

ಕೇಳಲು ಶುರು ಮಾಡುವವರು ಎಲ್ಲಿಸ್ ಅವರಿಂದ ಬೇಡ, ಫಿಲಿಸ್ ಡಿಲ್ಲನ್ ಅವರ 'ಪರ್ಫಿಡಿಯಾ'ದಿಂದ ಶುರು ಮಾಡಿ. ಮೊಬೈಲಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ. ಇಯರ್‌ಫೋನ್ ಇಲ್ಲವೇ ಒಂದು ದೊಡ್ಡ ಸ್ಪೀಕರ್ ಇರಲಿ.

ನಮಸ್ಕಾರ.